ಟರ್ಕಿಗೆ ಹೋಗುವ ಮೊದಲು ನಾನು ಓದಿ ಮುಗಿಸಿದ್ದು

ಯಾವುದೇ ಊರಿಗೆ ಹೋಗುವ ಮೊದಲು ಆ ಊರಿನ ಚರಿತ್ರೆಯನ್ನು ಓದಿಕೊಂಡೇ ಹೊರಡಬೇಕು ಎನ್ನುವವರ ಒಂದು ಜಾತಿ ಇದೆ. ನಾನು ಆ ಜಾತಿಯವನು. ನಮ್ಮನ್ನು ಒಮ್ಮೆ ಪ್ರವಾಸಕ್ಕೆ ಕರೆದುಕೊಂಡು ಹೋದವರು ಎರಡನೆಯ ಸಲ ಕರೆಯುವುದಿಲ್ಲ. ಉಳಿದವರು ಬಸ್ಸಿನಿಂದ ಇಳಿದು ಶೌಚಾಲಯ ಎಲ್ಲಿದೆ ಎಂದು ಹುಡುಕುವಾಗ ನಾವು, ಈ ಊರನ್ನು ಮೊದಲು ಆಳಿದವರು ಯಾರು ಗೊತ್ತೇ ಎಂದು ಅಡ್ಡ ನಿಂತು ಕೇಳುತ್ತೇವೆ. ಮದುವೆಯಾದ ಹೊಸತರಲ್ಲಿ ಹೆಂಡತಿ ಗಿರಿಜೆಯನ್ನು ಬನವಾಸಿಗೆ ಕರೆದುಕೊಂಡು ಹೋಗಿದ್ದೆ. ದಾಸನಕೊಪ್ಪದ ನಮ್ಮ ಮನೆಯಿಂದ ಅದೇನು ದೂರವಲ್ಲ. ಗುಡಿಯ ಹೊರಗೆ ಅವಳನ್ನು ನಿಲ್ಲಿಸಿಕೊಂಡು ಕದಂಬರ ಕಥೆ ಶುರುಮಾಡಿದೆ. ಮಯೂರವರ್ಮ ಕಂಚಿಯಲ್ಲಿ ಅವಮಾನ ಉಂಡು ಸಿಟ್ಟಿನಿಂದ ಹಿಂದಿರುಗುವಷ್ಟರಲ್ಲಿ ಒಳಗೆ ಮಧ್ಯಾಹ್ನದ ಮಂಗಳಾರತಿ ಮುಗಿದು ಬಾಗಿಲು ಹಾಕಿಬಿಟ್ಟರು. ಗಿರಿಜೆ ಹಾಕಿದ ಬಾಗಿಲಿಗೇ ಕೈಮುಗಿದು ಬಂದಳು. ಆಗ ಅದನ್ನು ನಾನು ಅವಳ ಭಕ್ತಿ ಎಂದುಕೊಂಡಿದ್ದೆ.

ಮೂವತ್ತನಾಲ್ಕು ವರ್ಷ ಸಿದ್ದಾಪುರ ತಾಲೂಕಿನ ಮನ್ಮನೆ ಕಡೆಯ ಶಾಲೆಗಳಲ್ಲಿ ಸಮಾಜ ಪಾಠ ಹೇಳಿ, ನಿವೃತ್ತನಾಗಿ ಸಿರಸಿಯಲ್ಲಿ ಮನೆ ಮಾಡಿಕೊಂಡವನು ನಾನು. ಸಮಾಜದ ಮೇಷ್ಟ್ರಿಗೂ ಟರ್ಕಿಗೂ ಇರುವುದು ಒಂದೇ ಸಂಬಂಧ, ಅದೂ ಮೂರು ಅಂಕದ್ದು. ಕ್ರಿ.ಶ. 1453ರಲ್ಲಿ ತುರ್ಕರು ಕಾನ್‌ಸ್ಟಾಂಟಿನೋಪಲ್ ನಗರವನ್ನು ವಶಪಡಿಸಿಕೊಂಡರು, ಅದರ ಪರಿಣಾಮಗಳೇನು? ಈ ಪ್ರಶ್ನೆಯನ್ನು ನಾನು ಎಷ್ಟು ಮಕ್ಕಳ ತಲೆಗೆ ತುರುಕಿದ್ದೇನೋ ಲೆಕ್ಕವಿಲ್ಲ. ದಾರಿ ಮುಚ್ಚಿತು, ಯುರೋಪಿನವರಿಗೆ ಕಾಳುಮೆಣಸು ಸಿಗದಾಯಿತು, ಅದಕ್ಕೇ ಪೋರ್ಚುಗೀಸರು ಸಮುದ್ರಕ್ಕೆ ಇಳಿದರು ಎಂದು ಹೇಳಿ, ಆ ಮೆಣಸು ಬೇರೆ ಎಲ್ಲಿಯದೂ ಅಲ್ಲ ಕಣ್ರೋ, ನಿಮ್ಮ ಮನೆಯ ಹಿಂದೆ ಮರಕ್ಕೆ ಹಬ್ಬಿದೆಯಲ್ಲ, ಅದೇ ಬಳ್ಳಿಯದು ಎನ್ನುತ್ತಿದ್ದೆ. ಮಕ್ಕಳು ಆಗ ಮಾತ್ರ ತಲೆ ಎತ್ತಿ ನೋಡುತ್ತಿದ್ದರು. ಆ ತುರ್ಕರ ಊರಿಗೆ ನಾನೇ ಒಂದು ದಿನ ಹೊರಡಬೇಕಾದೀತೆಂದು ಮಾತ್ರ ಕನಸಿನಲ್ಲಿಯೂ ನೆನೆಸಿರಲಿಲ್ಲ.

ಹೊರಡಿಸಿದವಳು ಗಿರಿಜೆ. ಅವಳಿಗೆ ಮೊಬೈಲಿನಲ್ಲಿ ಟರ್ಕಿ ದೇಶದ ಧಾರಾವಾಹಿಗಳ ಹುಚ್ಚು ಹಿಡಿದಿತ್ತು. ಹಿಂದಿಯಲ್ಲಿ ಮಾತಾಡುವ ಟರ್ಕಿಯ ಅತ್ತೆಯರು, ಸೊಸೆಯರು, ಮಾತೆತ್ತಿದರೆ ಸಮುದ್ರದ ದಂಡೆಗೆ ಹೋಗಿ ಅಳುವ ಹುಡುಗಿಯರು. ರೊಟ್ಟಿ ಬಡಿಯುವಾಗ ಮೊಬೈಲನ್ನು ಹಿಟ್ಟಿನ ಡಬ್ಬಿಗೆ ಒರಗಿಸಿಟ್ಟು ನೋಡುತ್ತಿದ್ದಳು. ನಾನು ಇದನ್ನು ಕಂಡು ನಗುತ್ತಿದ್ದೆ. ಒಂದು ದಿನ ಅವಳು ರೊಟ್ಟಿ ತಟ್ಟೆಗೆ ಹಾಕುತ್ತಾ, "ರೀ, ಇಸ್ತಾಂಬುಲಿನಾಗ ಒಂದು ಹಡಗು ಐತ್ರಿ. ಈ ದಂಡಿಂದ ಆ ದಂಡಿಗೆ ಹೋಗ್ತದ. ಅದರಾಗ ಕುಂತು ಒಂದು ಲೋಟ ಚಾ ಕುಡದು, ಆ ನೀರು, ಆ ಗುಡ್ಡ, ಆ ಮನಿಗೋಳು ಎಲ್ಲಾ ಒಮ್ಮಿ ಕಣ್ತುಂಬ ನೋಡಬೇಕಂತ ಆಸೆ ನೋಡ್ರಿ" ಎಂದಳು. ನಲವತ್ತು ವರ್ಷದ ಸಂಸಾರದಲ್ಲಿ ಬೇಕು ಎಂದು ಅವಳು ಬಾಯಿಬಿಟ್ಟು ಕೇಳಿದ್ದು ಅಷ್ಟೇ. ಮಿಕ್ಸರು ಕೂಡ ನಾನೇ ನನ್ನ ಇಷ್ಟದ ಬಣ್ಣದ್ದು ತಂದುಕೊಟ್ಟಿದ್ದೆ.

ಅದೇ ಹೊತ್ತಿಗೆ ಸರಿಯಾಗಿ ಇಡಗುಂದಿಯಿಂದ ಗಣಪತಿ ಹೆಗಡೆ ಬಂದ. ಅವನು ನನ್ನ ಜೊತೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು, ಹಳೆಯ ಗೆಳೆಯ. ಮಾರ್ಚಿನಲ್ಲಿ ಹುಬ್ಬಳ್ಳಿಯಿಂದ ಟರ್ಕಿಗೆ ಒಂದು ಗುಂಪು ಹೊರಡುತ್ತಿದೆ, ಎಲ್ಲಾ ನಮ್ಮಂಥ ಮುದುಕರೇ, ಹೋಗುವುದೇ ಎಂದು ಕೇಳಿದ. ಗಿರಿಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದಳು. ನಾನು, "ಹೋಗೋಣ, ಆದರೆ ಓದಿಕೊಂಡು ಹೋಗೋಣ. ಮಾರ್ಚಿಗೆ ಎರಡೇ ತಿಂಗಳಿದೆ, ಅಷ್ಟರಲ್ಲಿ ತುರ್ಕರಿಗಿಂತ ಮೊದಲು ಆಳಿದ ಬೈಜಾಂಟಿಯನ್ನರ ಕಾಲವೇ ಮುಗಿಯುವುದಿಲ್ಲ. ಮುಂದಿನ ವರ್ಷ ನೋಡೋಣ" ಎಂದೆ. ಹೆಗಡೆ ತಲೆ ಚಚ್ಚಿಕೊಂಡ. ಗಿರಿಜೆ ಚಹಾಕ್ಕೆ ಇಡಲು ಒಳಗೆ ಹೋದಳು.

ನಂತರ ಶುರುವಾಯಿತು ನೋಡಿ ನನ್ನ ವ್ಯಾಸಂಗ. ಇನ್ನೂರು ಪುಟದ ಗಟ್ಟಿ ರಟ್ಟಿನ ನೋಟುಬುಕ್ಕು ತಂದೆ. ಇಸವಿಗಳಿಗೆ ಕೆಂಪು ಶಾಯಿ, ರಾಜರಿಗೆ ನೀಲಿ, ಯುದ್ಧಗಳಿಗೆ ಹಸಿರು. ಹಿಟ್ಟೈಟರು, ಗ್ರೀಕರು, ರೋಮನ್ನರು, ಸೆಲ್ಜುಕರು, ಒಬ್ಬರಾದ ಮೇಲೊಬ್ಬರು ನಮ್ಮ ಊಟದ ಮನೆಗೆ ನುಗ್ಗಿ ಬಂದರು. ಸಂಜೆ ಊಟವಾದ ಮೇಲೆ ಗಿರಿಜೆಗೆ ಪಾಠ. ನನ್ನ ಜೊತೆಗೇ ಇರುವ ವಿಧವೆ ಅಕ್ಕ ಪಾರ್ವತಕ್ಕ ಜಪಮಾಲೆ ಹಿಡಿದು ಕೂತು ತಾನೂ ಕೇಳುತ್ತಾ ನಿದ್ದೆ ಹೋಗುತ್ತಿದ್ದಳು. ಪಾಠದ ನಡುವೆ ಗಿರಿಜೆ ಒಮ್ಮೊಮ್ಮೆ, "ಅಲ್ಲಿ ಚಾ ಲೋಟಕ್ಕ ಹಿಡಿಕಿ ಇರಾಂಗಿಲ್ರಿ, ಕಂಠದಾಗ ಹಿಡೀಬೇಕು. ಲೋಟದ ಮ್ಯಾಲ ಚಮಚ ಅಡ್ಡ ಇಟ್ರ ಇನ್ನ ಸಾಕು ಅಂತ ಅರ್ಥ" ಎನ್ನುವಳು. ಹಿರಿಯರ ಕೈಗೆ ಮುತ್ತಿಟ್ಟು ಆ ಕೈಯನ್ನು ಹಣೆಗೆ ಒತ್ತಿಕೊಳ್ಳುತ್ತಾರೆ, ಮನೆಗೆ ಬಂದವರ ಅಂಗೈಗೆ ನಿಂಬೆಹಣ್ಣಿನ ವಾಸನೆಯ ಅತ್ತರು ಸುರಿಯುತ್ತಾರೆ, ಇಲ್ಲ ಎನ್ನಲು ಗದ್ದ ಮೇಲೆತ್ತಿ 'ಚ್' ಎನ್ನುತ್ತಾರೆ. "ನಮ್ಮ ಕಡೀನೂ ಹಂಗ ಅಂತಾರಲ್ರಿ, ಚ್ ಅಂತ" ಎಂದು ಅವಳಿಗೆ ಖುಷಿಯೋ ಖುಷಿ. ಅದೆಲ್ಲ ಪಠ್ಯದಲ್ಲಿಲ್ಲ, ಮೊದಲು ಸೆಲ್ಜುಕರ ರಾಜಧಾನಿ ಹೇಳು ಎಂದು ನಾನು ಗದರಿಸುತ್ತಿದ್ದೆ. ಟರ್ಕಿಯ ಜನ ಹೇಗಿರುತ್ತಾರೆಂದು ಅವಳಿಗೆ ಗೊತ್ತಿತ್ತು, ಸತ್ತ ರಾಜರ ಹೆಸರು ನನಗೆ ಗೊತ್ತಿತ್ತು. ಪಾಠ ಹೇಳುವವನು ಮಾತ್ರ ನಾನು.

ಎರಡನೆಯ ಮಾರ್ಚು ಬಂತು. ಆ ಹೊತ್ತಿಗೆ ನಾನು ಆಟೋಮನ್ನರ ಕೈಗೆ ಸಿಕ್ಕಿಬಿದ್ದಿದ್ದೆ. ಮೂವತ್ತಾರು ಸುಲ್ತಾನರು, ಅವರ ಅಣ್ಣತಮ್ಮಂದಿರು, ಆ ಅಣ್ಣತಮ್ಮಂದಿರ ಕತ್ತು ಹಿಸುಕಿದ ಬಗೆಗಳು. ಇನ್ನೊಂದು ವರ್ಷ ಎಂದೆ. ನಾನಿಲ್ಲದೆ ಹೋಗಲೊಲ್ಲದೆ ಕಾದು ಕುಳಿತಿದ್ದ ಹೆಗಡೆ ಫೋನಿನಲ್ಲಿ ಕೂಗಾಡಿದ. "ಎಂತದಾ ಮಾರಾಯಾ, ಅವ್ರು ಆರುನೂರು ವರ್ಷ ಆಳಿದ್ದನ್ನ ನೀನೂ ಆರುನೂರು ವರ್ಷ ಓದೋ ಹಾಂಗೆ ಕಾಣ್ತು!" ಆ ದಿನಗಳಲ್ಲಿ ಗಿರಿಜೆ ಧಾರಾವಾಹಿ ನೋಡುವುದನ್ನೂ ಬಿಟ್ಟಂತಿತ್ತು. ಮೊಬೈಲನ್ನು ಕಟ್ಟೆಯ ಮೇಲೆ ಮುಖ ಕೆಳಗೆ ಮಾಡಿ ಇಟ್ಟು ಮಾತು ಮಾತ್ರ ಕೇಳಿಸಿಕೊಳ್ಳುತ್ತಿದ್ದಳು. ಹುಚ್ಚು ಇಳಿದಿದೆ ಎಂದು ನಾನು ತಿಳಿದುಕೊಂಡೆ. ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲ ಎಂದು ಒಮ್ಮೆ ಹೇಳಿದ್ದಳು. ಮೊಬೈಲು ನೋಡಿ ನೋಡಿ ಹೀಗಾಗಿದೆ ಎಂದು ತೀರ್ಪು ಕೊಟ್ಟು ಪೋಣಿಸಿಕೊಟ್ಟಿದ್ದೆ. ಅಕ್ಕಿಯಲ್ಲಿ ಕಲ್ಲು ಸಿಕ್ಕಾಗ ಸ್ವಲ್ಪ ಕಣ್ಣು ಬಿಟ್ಟು ಆರಿಸಬಾರದೇ ಎಂದೂ ಅಂದಿದ್ದೆ. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇರುವ ಹೆಂಗಸು ಅವಳು. ಮನೆಯಲ್ಲಿ ಓದುವ ಗಂಡಸು ಇದ್ದ, ಆದರೆ ಅವನು ಸಕ್ಕರೆ ಕಾಯಿಲೆಯ ಬಗ್ಗೆ ಒಂದು ಪುಟವನ್ನೂ ಓದಿರಲಿಲ್ಲ.

ಆ ಮಾರ್ಚು ಕಳೆದ ಮೇಲೆ ಒಂದು ಸಂಜೆ ಅವಳಿಗೆ ಕಿರುಪರೀಕ್ಷೆ ಇಟ್ಟೆ. ಹೌದು, ಹೆಂಡತಿಗೆ ಪರೀಕ್ಷೆ. ನಗುವವರು ನಗಿ. ದೊಡ್ಡ ಹಾಳೆಯ ಮೇಲೆ ನಾನೇ ಟರ್ಕಿಯ ನಕ್ಷೆ ಬರೆದು ಗೋಡೆಗೆ ಅಂಟಿಸಿದ್ದೆ. "ಅಂಕಾರಾ ತೋರಿಸು" ಎಂದೆ. ಗಿರಿಜೆ ಎದ್ದು ಬಂದು ಬೆರಳಿಟ್ಟಳು. ಬೆರಳು ಇದ್ದದ್ದು ಹಾಳೆಯಿಂದ ಒಂದು ಗೇಣು ಆಚೆ, ಬರೀ ಗೋಡೆಯ ಮೇಲೆ. ನಾನು ನಕ್ಕೆ. "ದೇಶದಿಂದಲೇ ಆಚೆ ಹೋದಿ. ಅದು ಗೋಡೆ" ಎಂದೆ. "ಹೌದೇನು?" ಎಂದು ಬೆರಳನ್ನು ನಿಧಾನವಾಗಿ ಗೋಡೆಯ ಮೇಲೆ ಸರಿಸುತ್ತಾ ಬಂದಳು, ಹಾಳೆಯ ಅಂಚು ಬೆರಳಿಗೆ ತಾಗುವವರೆಗೆ. ಐದಕ್ಕೆ ಸೊನ್ನೆ ಎಂದು ನಾನು ಆಗಲೇ ನೋಟುಬುಕ್ಕಿನಲ್ಲಿ ಬರೆದಾಗಿತ್ತು. ಆಗ ಅವಳು, "ನನಗ ಆ ನಕ್ಷೆನ ಕಾಣಾಂಗಿಲ್ರಿ" ಎಂದಳು.

ಯಾವಾಗಿನಿಂದ ಎಂದು ಕೇಳಿದೆ. ಅವಳು ಸ್ವಲ್ಪ ಯೋಚಿಸಿ, "ಆ ಸುಲ್ತಾನ ತೋಪು ತಂದು ಇಸ್ತಾಂಬುಲಿನ ಗ್ವಾಡಿ ಒಡದ್ನಲ್ರಿ, ಆ ವಾರದಿಂದ ಭಾಳ ಆತು. ಹೇಳಿದ್ದೆ ನಿಮಗ. ಪಾಠ ಮುಗೀಲಿ ಅಂದ್ರಿ" ಎಂದಳು. ನನ್ನ ನೋಟುಬುಕ್ಕಿನ ಪ್ರಕಾರ ಅದು 1453. ಅವಳ ಲೆಕ್ಕದಲ್ಲಿ ಹಿಂದಿನ ದೀಪಾವಳಿ. ಅಂದರೆ ನಾಲ್ಕೈದು ತಿಂಗಳಿಂದ ನಾನು ಬರೆದುಕೊಟ್ಟ ಟಿಪ್ಪಣಿಗಳನ್ನು ಅವಳು ಸುಮ್ಮನೆ ಪುಟ ತಿರುವುತ್ತಾ ಕೂತಿದ್ದಳು, ನಾನು ಬೇಸರಪಟ್ಟುಕೊಳ್ಳಬಾರದೆಂದು. ಸೋಮಾರಿ ವಿದ್ಯಾರ್ಥಿಗಳನ್ನು ಕಂಡುಹಿಡಿಯುವುದರಲ್ಲಿ ಜಿಲ್ಲೆಗೇ ಹೆಸರಾಗಿದ್ದ ಮೇಷ್ಟ್ರು ನಾನು. ಹುಬ್ಬಳ್ಳಿಯ ಕಣ್ಣಿನ ಡಾಕ್ಟರು ದೀಪ ಹಿಡಿದು ನೋಡಿ, ಸಕ್ಕರೆ ಕಣ್ಣಿನ ಪರದೆಗೆ ಇಳಿದು ರಕ್ತ ಸೋರಿದೆ, ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಉಳಿಸಲು ನೋಡೋಣ, ಒಂದು ವರ್ಷ ಮೊದಲು ಬಂದಿದ್ದರೆ ಎಂದು ಹೇಳಿ ಮಾತು ನಿಲ್ಲಿಸಿದರು. ಸೂಜಿ ಹಾಕಿದರು, ಲೇಸರು ಮಾಡಿದರು. ಉಳಿದದ್ದು ಬೆಳಕು, ಕತ್ತಲೆ, ಎದುರಿಗೆ ಯಾರೋ ನಿಂತಿದ್ದಾರೆ ಎನ್ನುವಷ್ಟು ಮಾತ್ರ. ಹಿಂದಿರುಗುವಾಗ ಬಸ್ಸಿನಲ್ಲಿ ನಾನು ಅತ್ತೆ. ಪಕ್ಕದಲ್ಲಿದ್ದವಳಿಗೆ ಕಾಣುವುದಿಲ್ಲ ಎಂಬ ಧೈರ್ಯದಲ್ಲಿ ಅತ್ತೆ. ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಸೆರಗಿನ ತುದಿಯನ್ನು ನನ್ನ ಕೈಗೆ ಕೊಟ್ಟಳು.

ಇನ್ನು ಪ್ರವಾಸದ ಮಾತೇ ಬೇಡ ಎಂದುಕೊಂಡಿದ್ದೆ. ಅವಳೇ ಬಿಡಲಿಲ್ಲ. "ಹಡಗಿನಾಗ ಕುಂಡ್ರಸ್ರಿ ನನ್ನ. ನೀವು ನೋಡಿ ಹೇಳ್ರಿ, ನಾ ಕೇಳ್ತೀನಿ" ಎಂದಳು. ಹೀಗೆ ಮೂರನೆಯ ಮಾರ್ಚಿನಲ್ಲಿ ಹೆಗಡೆಯೂ ಇದ್ದ ಗುಂಪಿನ ಜೊತೆ ನಾವು ಹೊರಟೆವು.

ಹೊರಡುವ ಬೆಳಿಗ್ಗೆ ಒಂದು ಅನಾಹುತವಾಯಿತು. ಟರ್ಕಿಯಲ್ಲಿ ಯಾರಾದರೂ ದೂರದ ಊರಿಗೆ ಹೊರಟರೆ ಅವರ ಬೆನ್ನ ಹಿಂದೆ ಒಂದು ತಂಬಿಗೆ ನೀರು ಚೆಲ್ಲುತ್ತಾರೆ. ನೀರಿನಂತೆ ಹರಿದು ಹೋಗಿ, ನೀರಿನಂತೆ ಹರಿದು ಬನ್ನಿ ಎಂದು ಅದರ ಅರ್ಥ. ಇದು ನನ್ನ ನೋಟುಬುಕ್ಕಿನಲ್ಲೂ ಇತ್ತು, ಗಿರಿಜೆಯ ಧಾರಾವಾಹಿಯಲ್ಲೂ ಇತ್ತು. ನಾವಿಬ್ಬರೂ ಒಪ್ಪಿದ ಒಂದೇ ಸಂಗತಿ ಅದು. ಬಾಡಿಗೆ ಕಾರಿನ ಹಿಂದೆ ನೀರು ಹಾಕು ಎಂದು ಪಾರ್ವತಕ್ಕನ ಕೈಗೆ ಕೊಡ ಕೊಟ್ಟೆ. ಅಕ್ಕ ಬೆಚ್ಚಿಬಿದ್ದಳು. "ಹೆಣ ಎತ್ತಿದ ಮ್ಯಾಲ ಅಂಗಳಕ್ಕ ನೀರ ಹಾಕ್ತಾರೋ ತಮ್ಮಾ! ಊರಿಗೆ ಹೊಂಟವರ ಬೆನ್ನಿಗೆ ಕಸಾ ಸೈತ ಹೊಡಿಯಾಂಗಿಲ್ಲ. ನಿನಗ ಬುದ್ಧಿ ಗಿದ್ಧಿ ಐತೋ ಇಲ್ಲೋ?" ಎಂದು ಅಳಲು ಶುರುಮಾಡಿದಳು. ನಾನು ಅಂಗಳದಲ್ಲಿಯೇ ನಿಂತು ಸಂಸ್ಕೃತಿಗಳ ಭಿನ್ನತೆಯ ಬಗ್ಗೆ ಹೇಳಲು ಹೊರಟೆ. ಕಾರಿನೊಳಗಿಂದ ಗಿರಿಜೆ, "ಹಾಕ್ರಿ ಅಕ್ಕಾರ, ಏನೂ ಆಗಾಂಗಿಲ್ಲ. ಆಗೋದೆಲ್ಲಾ ಆಗೇತಿ" ಎಂದಳು. ಅಕ್ಕ ಕೊಡ ಕೆಳಗಿಟ್ಟು ಒಳಗೆ ಹೋಗಿಬಿಟ್ಟಳು. ಕೊನೆಗೆ ನಾನೇ ಕೊಡ ಎತ್ತಿ, ನಾನು ಹೊರಟ ಕಾರಿನ ಬೆನ್ನಿಗೆ ನಾನೇ ನೀರು ಸುರಿದು, ಓಡಿ ಹೋಗಿ ಕಾರು ಹತ್ತಿದೆ. ಅಕ್ಕನ ಅಳು, ಅಂಗಳದ ನೀರು ಎರಡನ್ನೂ ಕೂಡಿಸಿ ಲೆಕ್ಕ ಹಾಕಿದ ಎದುರುಮನೆಯ ಭಟ್ಟರು ಹೆಗಲಿಗೆ ಪಂಚೆ ಹಾಕಿಕೊಂಡು ಓಡಿಬಂದರು. "ಎಂತ ಆತು ಮೇಷ್ಟ್ರೇ? ಯಾರು ಹೋದ್ರು?" ಎಂದರು. ನಾವೇ, ಎಂದೆ.

ಇಸ್ತಾಂಬುಲಿನ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಹೇಳಬೇಕಾದದ್ದು ಆ ಹಡಗಿನ ಒಂದು ಗಂಟೆ. ಅಂದು ಬೆಳಿಗ್ಗೆ ನಾವು ಹಡಗು ಹತ್ತುವಾಗಲೇ ಮಂಜು ಇಳಿದಿತ್ತು. ಜಲಸಂಧಿಯ ನಡುವಿಗೆ ಬರುವಷ್ಟರಲ್ಲಿ ಎಂಥ ಮಂಜು ಕವಿಯಿತೆಂದರೆ, ನಾವು ಕೂತ ಹಡಗಿನ ಮೂತಿಯೇ ನಮಗೆ ಕಾಣದಾಯಿತು. ನೀರಿಲ್ಲ, ಗುಡ್ಡವಿಲ್ಲ, ದಂಡೆಯಿಲ್ಲ. ಹಡಗು ನಿಂತು ನಿಂತು ಕೂಗುತ್ತಾ ಸಾಗಿತ್ತು. ಚಹಾ ಬಂತು. ನಾನು ಬಿಸಿ ಲೋಟವನ್ನು ಹೊಟ್ಟೆಯಲ್ಲಿ ಹಿಡಿದು ಬೆರಳು ಸುಟ್ಟುಕೊಂಡೆ. ಗಿರಿಜೆ ತಡಕಾಡಿ ಲೋಟದ ಕಂಠವನ್ನೇ ಹುಡುಕಿ ಎರಡು ಬೆರಳಲ್ಲಿ ಎತ್ತಿ, ಅಲ್ಲೇ ಹುಟ್ಟಿದವಳಂತೆ ಒಂದು ಗುಟುಕು ಕುಡಿದು, "ಈಗ ಹೇಳ್ರಿ. ಏನೇನ ಕಾಣ್ತದ?" ಎಂದಳು.

ನಾನು ನೋಟುಬುಕ್ಕು ತೆರೆದೆ. ಎಡಕ್ಕೆ ಯುರೋಪು, ಬಲಕ್ಕೆ ಏಷ್ಯಾ, 1453ರಲ್ಲಿ ಇಲ್ಲೇ ಎಂದು ಶುರುಮಾಡಿದೆ. ಅವಳು, "ಇಸವಿ ಬ್ಯಾಡ್ರಿ. ಬಣ್ಣ ಹೇಳ್ರಿ" ಎಂದಳು. ನಾನು ತಲೆ ಎತ್ತಿದೆ. ಎದುರಿಗೆ ಏನೂ ಇರಲಿಲ್ಲ. ಈ ಒಂದು ಗಂಟೆಗಾಗಿ ಅವಳು ಎರಡು ವರ್ಷಕ್ಕೂ ಹೆಚ್ಚು ಕಾದಿದ್ದಳು. ಅವಳಿಗೆ ಕಣ್ಣಿದ್ದ ಮಾರ್ಚನ್ನು ನಾನು ಬೈಜಾಂಟಿಯನ್ನರಿಗೆ ಕೊಟ್ಟುಬಿಟ್ಟಿದ್ದೆ. ಈಗ ಅವಳಿಗೆ, ಏನೂ ಕಾಣುತ್ತಿಲ್ಲ ಕಣೇ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ನನ್ನ ಮೇಲೆ ನನಗೆ ಹೇಸಿಗೆ ಹುಟ್ಟಿತು. ಮೂವತ್ತನಾಲ್ಕು ವರ್ಷದ ಅಭ್ಯಾಸ ಕೈ ಹಿಡಿಯಿತು. ಪುಟ ತಿರುವಿ ಓದತೊಡಗಿದೆ. ನೀರು ಗಾಢ ನೀಲಿ, ಬಿಸಿಲಿಗೆ ಥಳಥಳ ಹೊಳೆಯುತ್ತಿದೆ, ಗುಡ್ಡದ ಮೇಲೆ ಕೆಂಪು ಹೆಂಚಿನ ಮನೆಗಳು, ದಂಡೆಯಲ್ಲಿ ಬಿಳಿ ಅಮೃತಶಿಲೆಯ ಅರಮನೆ. "ಹೆಂಚು ನಮ್ಮ ಮಂಗಳೂರು ಹೆಂಚಿನಂಗ ಏನ್ರಿ?" ಎಂದಳು. ಥೇಟ್ ಹಾಗೆಯೇ ಎಂದೆ. "ಗುಡ್ಡದ ಮ್ಯಾಲ ಹಸರು?" ಎಂದಳು. ಬೇಕಾದಷ್ಟು ಎಂದೆ. ಅವಳು ಚಮಚ ತಡಕಿ ತೆಗೆದು ಲೋಟದ ಮೇಲೆ ಅಡ್ಡ ಇಟ್ಟಳು. ಅವಳಿಗೆ ಚಹಾ ಸಾಕಾಯಿತೆಂದು ನಾನು ತಿಳಿದೆ.

ಊರಿಗೆ ಬಂದ ಮೇಲೆ ಓಣಿಯವರೆಲ್ಲ ನೋಡಲು ಬಂದರು. ಹಡಗು ಹೆಂಗಿತ್ತು ಎಂದು ಕೇಳಿದವರಿಗೆಲ್ಲ ಗಿರಿಜೆ, "ಅವರು ನೋಡ್ಯಾರ, ಅವರನ್ನ ಕೇಳ್ರಿ" ಎನ್ನುತ್ತಿದ್ದಳು. ನಾನು ನೀಲಿ ನೀರಿನಿಂದ ಶುರುಮಾಡಿ ಅರಮನೆಯವರೆಗೆ ಒಪ್ಪಿಸುತ್ತಿದ್ದೆ. ಅವಳು ಪಕ್ಕದಲ್ಲಿ ಕೂತು ಕೇಳುತ್ತಿದ್ದಳು. ಹೇಳುತ್ತಾ ಹೇಳುತ್ತಾ ನನಗೇ ಅದು ಕಂಡಂತಾಗಿ, ಎಂಟನೆಯ ಸಲಕ್ಕೆ ನಾಲ್ಕು ಬಿಳಿ ಹಕ್ಕಿಗಳನ್ನೂ ಸೇರಿಸಿದೆ. ಸುಳ್ಳು ಹೇಳಿದವನಿಗೆ ರಾತ್ರಿ ನಿದ್ದೆ ಬರುವುದಿಲ್ಲ ಎಂಬುದು ಬರೀ ಮಾತು. ನನಗೆ ಚೆನ್ನಾಗಿಯೇ ಬರುತ್ತಿತ್ತು.

ಹದಿನೈದು ದಿನದ ಮೇಲೆ ಹೆಗಡೆ ಬಂದ. ಪ್ರವಾಸದಲ್ಲಿ ಎಲ್ಲಿ ಹೋದರೂ ಪೆನ್ಸಿಲಿನಲ್ಲಿ ಗೀಚುತ್ತಲೇ ಇದ್ದ. ಆ ಚಿತ್ರದ ಪುಸ್ತಕ ತೋರಿಸಲು ತಂದಿದ್ದ. ಪುಟ ತಿರುವುತ್ತಾ ಹಡಗಿನ ದಿನಕ್ಕೆ ಬಂದ. ಆ ಪುಟ ಖಾಲಿ. ಸಿಟ್ಟು ಬಂದಾಗ ಅವನಿಗೆ ಮನೆಮಾತೇ ಹೊರಡುವುದು. "ಎಂತಾ ಕರ್ಮ ಮಾರಾಯಾ! ಅಷ್ಟು ದೂರ ಹೋಗಿ, ಆ ಹಾಳು ಮಂಜಲ್ಲಿ ಒಂದು ಗುಡ್ಡನೂ ಕಾಣ್ಲಿಲ್ಲೆ, ಒಂದು ಹನಿ ನೀರೂ ಕಾಣ್ಲಿಲ್ಲೆ. ಆನು ಎಂತ ಚಿತ್ರ ಬರೆಯದು?" ಎಂದ. ನಾನು ಕಣ್ಣು ಮಿಟುಕಿಸಿದೆ, ಕಾಲು ತುಳಿದೆ, ಕೆಮ್ಮಿದೆ. ಡ್ರಾಯಿಂಗ್ ಮೇಷ್ಟ್ರಿಗೆ ಸನ್ನೆ ಅರ್ಥವಾಗಲಿಲ್ಲ. ಚಹಾ ಕುಡಿದು, ಯಲ್ಲಾಪುರದ ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದ.

ನಾವಿಬ್ಬರೇ ಉಳಿದೆವು. ಗಿರಿಜೆ ಅವರೆಕಾಯಿ ಬಿಡಿಸುತ್ತಿದ್ದಳು, ಬೆರಳಿಂದಲೇ ಹುಳುಕು ಕಂಡುಹಿಡಿದು ಬೇರೆ ಹಾಕುತ್ತಾ. ನಾನು, "ಗೊತ್ತಿತ್ತೇನು ನಿನಗ?" ಎಂದೆ.

"ಮುಖಕ್ಕ ಹನಿ ಹನಿ ಕುಂಡ್ರತಿತ್ತು. ಹಡಗು ಗಳಿಗಿಗೊಮ್ಮಿ ಒದರತಿತ್ತು. ಯಾವ ಕಡೆ ಹೊಳ್ಳಿದ್ರೂ ಬೆಳಕು ಒಂದ ನಮೂನಿ ಇತ್ತು. ತಿಳಿಯಾಂಗಿಲ್ಲೇನ್ರಿ?"

"ಮತ್ತ ಯಾಕ ಕೇಳಿದಿ, ಹೆಂಚು, ಹಸರು ಅಂತ?"

"ಈಗರ ಮಂಜು ಅಂತೀರೇನೋ ಅಂತ" ಎಂದಳು. ಒಂದು ಕಾಯಿ ಬಿಡಿಸಿದಳು. "ಒಂದೂವರಿ ವರ್ಷ ಆತ್ರಿ, ನಿಮಗ ಕಾಣೋದು ನನಗ ಕಾಣಾಂಗಿಲ್ಲ. ಅವತ್ತೊಂದು ತಾಸು ಇಬ್ರಿಗೂ ಕಂಡದ್ದು ಒಂದ ಇತ್ತು. ಮಂಜು ಅಂದಿದ್ರ, ನಿಮ್ಮ ಜೋಡಿ ಕುಂತು ನಾನೂ ನೋಡಿದಂಗ ಆಗ್ತಿತ್ತು."

ನಾನು ಎದ್ದು ಹೋಗಿ ನೋಟುಬುಕ್ಕು ತೆರೆದೆ. ಅವಳಿಗೆ ಅಂದು ಹೇಳಿದ ನೀಲಿ ನೀರು ನನ್ನ ನೋಟುಬುಕ್ಕಿನ ನೂರಾ ಹದಿನೆಂಟನೆಯ ಪುಟದಲ್ಲಿದೆ. ಮುಖ್ಯವಾದದ್ದೆಂದು ಅಡಿಗೆರೆ ಹಾಕಿದ್ದೇನೆ.